ಸ್ಲೀವೋ, ಬೈಪಾಸೋ? ತೂಕ ಇಳಿಸುವ ಶಸ್ತ್ರಚಿಕಿತ್ಸೆ ಆರಿಸುವ ಮುನ್ನ

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಎತ್ತಿದ ಕೂಡಲೇ ಮನೆಮಂದಿ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಕೆ.ಜಿ. ಇಳಿಯುತ್ತೆ?’ ಸಹಜವಾದ ಪ್ರಶ್ನೆಯೇ. ಆದರೆ ಜಠರವನ್ನು ಕಿರಿದುಮಾಡುವ ಸ್ಲೀವ್ ಮಾಡಿಸಬೇಕೋ ಊಟದ ದಾರಿಯನ್ನೇ ಬದಲಿಸುವ ಬೈಪಾಸ್ ಮಾಡಿಸಬೇಕೋ ಎಂಬ ಹಂತಕ್ಕೆ ಬಂದಾಗ ಆ ಪ್ರಶ್ನೆಯಿಂದ ಸಿಗುವ ನೆರವು ಕಡಿಮೆ. ಎದೆಯುರಿ ಇದೆಯೇ, ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದು, ಮಂಡಿನೋವಿಗೆ ದಿನವೂ ಮಾತ್ರೆ ನುಂಗುತ್ತಾರೆಯೇ, ತಟ್ಟೆಯಲ್ಲಿ ಬೇಳೆ-ಕಾಳು ಎಷ್ಟಿರುತ್ತದೆ, ವರ್ಷ ವರ್ಷವೂ ತಪ್ಪದೆ ರಕ್ತಪರೀಕ್ಷೆ ಮಾಡಿಸಲು ಸಾಧ್ಯವೇ? ತೀರ್ಮಾನ ನಿಲ್ಲಬೇಕಾದದ್ದು ಇವುಗಳ ಮೇಲೆ.

ಕೆ.ಜಿ. ಲೆಕ್ಕ ಯಾಕೆ ಸಾಲದು ಎಂಬುದಕ್ಕೆ ಫಿನ್ಲೆಂಡಿನ ಒಂದು ಅಧ್ಯಯನ ಒಳ್ಳೆಯ ಸಾಕ್ಷಿ. ‘ಸ್ಲೀವ್‌ಪಾಸ್’ ಎಂಬ ಹೆಸರಿನ ಈ ಅಧ್ಯಯನದಲ್ಲಿ 240 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಲೀವ್, ಇನ್ನೊಂದಕ್ಕೆ ಬೈಪಾಸ್ ಮಾಡಲಾಯಿತು. ಹತ್ತು ವರ್ಷದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಸ್ಲೀವ್ ಮಾಡಿಸಿಕೊಂಡವರು ತಮ್ಮ ಹೆಚ್ಚುವರಿ ತೂಕದಲ್ಲಿ ಶೇ 43.5ರಷ್ಟನ್ನೂ ಬೈಪಾಸ್‌ನವರು ಶೇ 50.7ರಷ್ಟನ್ನೂ ಕಳೆದುಕೊಂಡಿದ್ದರು. ಇಲ್ಲಿ ‘ಹೆಚ್ಚುವರಿ ತೂಕ’ ಎಂಬ ಮಾತನ್ನು ಗಮನಿಸಬೇಕು. 160 ಸೆಂ.ಮೀ. ಎತ್ತರ, 110 ಕೆ.ಜಿ. ತೂಕ ಇರುವ ಒಬ್ಬ ಮಹಿಳೆ ಇದ್ದಾರೆ ಎಂದಿಟ್ಟುಕೊಳ್ಳಿ. ಆ ಎತ್ತರಕ್ಕೆ 64 ಕೆ.ಜಿ.ವರೆಗೆ ಸರಿಯಾದ ತೂಕ ಎಂದು ಹಿಡಿದರೆ ಹೆಚ್ಚುವರಿ 46 ಕೆ.ಜಿ. ಅದರಲ್ಲಿ ಶೇ 43.5 ಎಂದರೆ 20 ಕೆ.ಜಿ., ಶೇ 50.7 ಎಂದರೆ 23 ಕೆ.ಜಿ. ಜಾಹೀರಾತಿನಲ್ಲಿ ‘ಶೇ 60 ತೂಕ ಇಳಿಕೆ’ ಎಂದು ಕಂಡರೆ, ಯಾವುದರಲ್ಲಿ ಶೇ 60 ಎಂದು ಕೇಳಲೇಬೇಕು.

ಈ ಲೆಕ್ಕದಲ್ಲಿ ಹತ್ತು ವರ್ಷದ ಕೊನೆಗೆ ಎರಡರ ನಡುವೆ ಉಳಿದದ್ದು ಸುಮಾರು ಮೂರು ಕೆ.ಜಿ. ಅದೇ ಅಧ್ಯಯನದಲ್ಲಿ ಎಂಡೋಸ್ಕೋಪಿ ಮಾಡಿ ನೋಡಿದಾಗ, ಆಮ್ಲ ಮೇಲೇರಿ ಅನ್ನನಾಳ ಹುಣ್ಣಾಗಿದ್ದವರು ಸ್ಲೀವ್ ಗುಂಪಿನಲ್ಲಿ ಶೇ 31, ಬೈಪಾಸ್ ಗುಂಪಿನಲ್ಲಿ ಶೇ 7. ವ್ಯತ್ಯಾಸ ಕಣ್ಣಿಗೆ ಹೊಡೆಯುವುದು ಇಲ್ಲಿ.

ಮೊದಲು ಯಾರಿಗೆ ಈ ಶಸ್ತ್ರಚಿಕಿತ್ಸೆ ಎಂಬುದನ್ನು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರಲ್ಲೂ ಗಂಡಸರಲ್ಲೂ, ಸುಮಾರು ಶೇ 30ರಷ್ಟು ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಇವರಲ್ಲಿ ಬಹುಪಾಲು ಜನರಿಗೆ ಚಾಕು ಬೇಕಿಲ್ಲ. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಭಾರತದಲ್ಲಿ ಬಹುಕಾಲ ಬಳಕೆಯಲ್ಲಿರುವ ಅಳತೆ ಹೀಗಿದೆ: ಬೇರೆ ಕಾಯಿಲೆ ಇಲ್ಲದಿದ್ದರೆ 37.5, ಸಕ್ಕರೆ ಕಾಯಿಲೆ, ಬಿಪಿ, ನಿದ್ದೆಯಲ್ಲಿ ಉಸಿರುಗಟ್ಟುವಿಕೆಯಂಥವು ಜೊತೆಗಿದ್ದರೆ 32.5. 160 ಸೆಂ.ಮೀ. ಎತ್ತರದವರಿಗೆ ಇದು ಕ್ರಮವಾಗಿ 96 ಮತ್ತು 83 ಕೆ.ಜಿ. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ (ತೂಕ ಇಳಿಸುವ) ಸರ್ಜನ್ನರ ಸಂಘಗಳು ಹೊರಡಿಸಿದ ಜಂಟಿ ಮಾರ್ಗಸೂಚಿ ಈ ಗೆರೆಯನ್ನು ಇನ್ನೂ ಕೆಳಗಿಳಿಸಿತು. ಏಷ್ಯಾದವರಿಗೆ ಕಡಿಮೆ ಬಿಎಂಐನಲ್ಲೇ ಸಕ್ಕರೆ ಕಾಯಿಲೆ, ಹೃದ್ರೋಗ ಬರುವುದರಿಂದ 27.5 ದಾಟಿದವರಿಗೂ ಈ ಚಿಕಿತ್ಸೆಯನ್ನು ಸೂಚಿಸಬಹುದು ಎನ್ನುತ್ತದೆ ಅದು.

ವಿಮೆಯ ಕಾಗದ ಮಾತ್ರ ಬೇರೆ ಭಾಷೆ ಆಡುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಗೊತ್ತುಮಾಡಿದ ಷರತ್ತಿನಂತೆ, 18 ವರ್ಷ ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಇರಬೇಕು. 35 ಇದ್ದರೂ ಆಗುತ್ತದೆ, ಆದರೆ ಅದರ ಜೊತೆಗೆ ಬೊಜ್ಜಿನಿಂದ ಬಂದ ಹೃದಯಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರುಗಟ್ಟುವ ತೀವ್ರವಾದ ಸ್ಲೀಪ್ ಅಪ್ನಿಯಾ, ಹತೋಟಿಗೆ ಬಾರದ ಟೈಪ್-2 ಮಧುಮೇಹ ಇವುಗಳಲ್ಲಿ ಒಂದಾದರೂ ಇರಬೇಕು. ಬೇರೆ ದಾರಿಗಳಲ್ಲಿ ತೂಕ ಇಳಿಸಲು ಯತ್ನಿಸಿ ಸೋತಿರಬೇಕು. ಅಂದರೆ ವೈದ್ಯರು ‘ಮಾಡಿಸಿಕೊಳ್ಳಿ’ ಎಂದ ಮಾತ್ರಕ್ಕೆ ವಿಮೆ ಸಿಗುತ್ತದೆ ಎಂದುಕೊಳ್ಳುವಂತಿಲ್ಲ. ಬಿಎಂಐ 33 ಇರುವ ಮಧುಮೇಹಿಗೆ ವೈದ್ಯಶಾಸ್ತ್ರ ಹಸಿರು ನಿಶಾನೆ ತೋರಿಸಿದರೂ ಪಾಲಿಸಿ ತೋರಿಸದೆ ಇರಬಹುದು. ಹಿಂದೆ ಮಾಡಿದ ಪಥ್ಯ, ತೆಗೆದುಕೊಂಡ ಔಷಧಿಗಳ ಚೀಟಿಗಳನ್ನು ಜೋಪಾನ ಮಾಡಿಟ್ಟವರಿಗೆ ಇಲ್ಲಿ ಅನುಕೂಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡಾಗ, ‘ತೂಕ ಇಳಿಸುವ ಆಪರೇಷನ್’ ಎಂದರೇ ಜನ ಬೆಚ್ಚುವಂತಾಯಿತು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಅಂದಚೆಂದದ ಚಿಕಿತ್ಸೆ. ಹಸಿವು, ಸಕ್ಕರೆ ಅಂಶ, ಬಿಪಿ ಯಾವುದೂ ಅದರಿಂದ ಬದಲಾಗುವುದಿಲ್ಲ. ಜಠರ ಮತ್ತು ಕರುಳಿನ ಮೇಲೆ ನಡೆಯುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯೇ ಬೇರೆ. ಅನುಭವಿ ತಂಡ ಇರುವ ಕಡೆ ಇದರ ಮೊದಲ ತಿಂಗಳ ಸಾವಿನ ಪ್ರಮಾಣ ಸಾವಿರಕ್ಕೆ ಒಂದರಿಂದ ಮೂರರ ಆಸುಪಾಸು. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮಾಡಿಸಿಕೊಳ್ಳದವರಿಗಿಂತ ಹೆಚ್ಚು ಕಾಲ ಬದುಕಿದ್ದು ಕಂಡುಬಂತು.

ಈಗ ಆಯ್ಕೆಗಳ ವಿಚಾರ.

ಸ್ಲೀವ್ ಇಂದು ನಮ್ಮಲ್ಲೂ ಜಗತ್ತಿನಲ್ಲೂ ಅತಿ ಹೆಚ್ಚು ನಡೆಯುವ ಬಗೆ. ಜಠರದ ಶೇ 75ರಿಂದ 80 ಭಾಗವನ್ನು ಉದ್ದಕ್ಕೆ ಸ್ಟೇಪ್ಲರ್‌ನಿಂದ ಕತ್ತರಿಸಿ ಹೊರತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆ. ಕರುಳನ್ನು ಮುಟ್ಟುವುದಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಆ ಭಾಗವೇ ಹೋಗುವುದರಿಂದ ತಿನ್ನಬೇಕೆಂಬ ಸೆಳೆತ ಕಡಿಮೆಯಾಗುತ್ತದೆ. ಈ ವಿಧಾನ ಹುಟ್ಟಿದ್ದು ಮಾತ್ರ ಅರ್ಧ ದಾರಿಯ ಚಿಕಿತ್ಸೆಯಾಗಿ. ಸುಮಾರು 2000ನೇ ಇಸವಿಯ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಮಿಷೆಲ್ ಗಾನ್ಯೆ ಮತ್ತು ಅವರ ತಂಡ, ತೂಕ ವಿಪರೀತವಾಗಿ ಒಂದೇ ಸಲಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ತಡೆಯಲಾರದವರಿಗೆ ಮೊದಲು ಜಠರವನ್ನಷ್ಟೇ ಕಿರಿದುಮಾಡಿ, ತೂಕ ಸ್ವಲ್ಪ ಇಳಿದ ಮೇಲೆ ಕರುಳಿನ ಕೆಲಸ ಮಾಡುವ ಕ್ರಮ ತಂದಿತು. ಹಲವರಿಗೆ ಮೊದಲ ಹಂತದಲ್ಲೇ ಸಾಕಷ್ಟು ತೂಕ ಇಳಿಯಿತು. ಹಾಗೆ ಅದು ಸ್ವತಂತ್ರ ಚಿಕಿತ್ಸೆಯಾಗಿ ನಿಂತಿತು.

ಈ ಚರಿತ್ರೆ ಗೊತ್ತಿರುವುದು ರೋಗಿಗೆ ಒಳ್ಳೆಯದು. ಸ್ಲೀವ್ ಆದ ಮೇಲೆ ಮುಂದೆ ಬೈಪಾಸ್‌ಗೋ ಬೇರೆ ಬಗೆಗೋ ದಾಟುವ ದಾರಿ ತೆರೆದಿರುತ್ತದೆ. ಆದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ತೆಗೆದ ಜಠರ ಹೋಯಿತು. ‘ಸ್ಲೀವ್ ಸಣ್ಣ ಆಪರೇಷನ್, ಬೈಪಾಸ್ ದೊಡ್ಡದು’ ಎಂದು ಕೇಳಿ ನಿರ್ಧರಿಸುವವರಿಗೆ ಇದು ತಿಳಿದಿರಲೇಬೇಕು.

ಬೈಪಾಸ್‌ನಲ್ಲಿ ಏನನ್ನೂ ಹೊರತೆಗೆಯುವುದಿಲ್ಲ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲವನ್ನು ಬೇರ್ಪಡಿಸಿ, ಅದಕ್ಕೆ ಸಣ್ಣ ಕರುಳಿನ ಕೆಳಭಾಗವನ್ನು ತಂದು ಜೋಡಿಸುತ್ತಾರೆ. ಉಳಿದ ಜಠರ ಅಲ್ಲೇ ಇರುತ್ತದೆ, ಊಟ ಮಾತ್ರ ಅದರೊಳಗೆ ಹೋಗುವುದಿಲ್ಲ. ಅದರ ರಸ, ಪಿತ್ತರಸ ಎಲ್ಲವೂ ಇನ್ನಷ್ಟು ಕೆಳಗೆ ಎರಡನೆಯ ಜೋಡಣೆಯಲ್ಲಿ ಬಂದು ಸೇರುತ್ತವೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಇದರ ಮೂಲರೂಪವನ್ನು ಮಾಡಿ ತೋರಿಸಿದರು. ಹುಣ್ಣಿನ ಕಾರಣಕ್ಕೆ ಜಠರದ ಭಾಗ ತೆಗೆಸಿಕೊಂಡವರು ತೆಳ್ಳಗಾಗುವುದನ್ನು ಗಮನಿಸಿದ್ದೇ ಅವರಿಗೆ ದಾರಿ ತೋರಿಸಿತು. 1994ರಲ್ಲಿ ಇದು ಲ್ಯಾಪರೋಸ್ಕೋಪಿಗೆ ಬಂತು. ಈಗ ಹೊಟ್ಟೆಯ ಮೇಲೆ ಉಳಿಯುವುದು ನಾಲ್ಕೈದು ಸಣ್ಣ ಗಾಯದ ಗುರುತು.

ಇವೆರಡರ ನಡುವೆ ಆರಿಸುವಾಗ ಮೊದಲು ಕೇಳಬೇಕಾದದ್ದು ಎದೆಯುರಿಯ ಬಗ್ಗೆ. ಸ್ಲೀವ್ ಆದ ಜಠರ ಕಿರಿದಾದ, ಒತ್ತಡ ಹೆಚ್ಚಿರುವ ಕೊಳವೆ. ಒಳಗಿನ ಆಮ್ಲಕ್ಕೆ ಮೇಲೇರುವುದು ಸುಲಭ. ಬೈಪಾಸ್‌ನ ಪುಟ್ಟ ಚೀಲದಲ್ಲಿ ಆಮ್ಲ ತೀರಾ ಕಡಿಮೆ, ಪಿತ್ತರಸವೂ ದೂರದಲ್ಲೇ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 217 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಮೊದಲೇ ಎದೆಯುರಿ ಇದ್ದವರಲ್ಲಿ ಐದು ವರ್ಷದ ಹೊತ್ತಿಗೆ ಅದು ಇನ್ನೂ ಹೆಚ್ಚಾದದ್ದು ಸ್ಲೀವ್ ಮಾಡಿಸಿಕೊಂಡ ಶೇ 31.8 ಮಂದಿಗೆ, ಬೈಪಾಸ್ ಮಾಡಿಸಿಕೊಂಡ ಶೇ 6.3 ಮಂದಿಗೆ. ನಮ್ಮಲ್ಲಿ ಹುಳಿತೇಗು, ಎದೆಯುರಿಯನ್ನು ‘ಗ್ಯಾಸ್ಟ್ರಿಕ್’ ಎಂದು ತಳ್ಳಿಹಾಕಿ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ವರ್ಷಗಟ್ಟಲೆ ನುಂಗುವವರು ಬಹಳ. ವೈದ್ಯರು ಕೇಳಿದಾಗ ‘ಹೊಟ್ಟೆ ಸರಿಯಿದೆ’ ಎಂದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿ ಮಲಗಿದಾಗ ಹುಳಿನೀರು ಗಂಟಲಿಗೆ ಬರುತ್ತದೆ, ಬೆಳಿಗ್ಗೆ ಖಾಲಿಹೊಟ್ಟೆಗೆ ಮಾತ್ರೆ ಬೇಕೇ ಬೇಕು ಎನ್ನುವುದನ್ನು ಬಾಯಿಬಿಟ್ಟು ಹೇಳಿ. ಶಸ್ತ್ರಚಿಕಿತ್ಸೆಗೆ ಮುನ್ನ ಎಂಡೋಸ್ಕೋಪಿ ಮಾಡಿಸಿ. ಅನ್ನನಾಳದ ಒಳಪದರವೇ ಬದಲಾಗಿರುವ ಬ್ಯಾರೆಟ್ಸ್ ಸ್ಥಿತಿ ಕಂಡರೆ, ಅಥವಾ ತೀವ್ರವಾದ ಉರಿಯೂತ ಇದ್ದರೆ, ಸ್ಲೀವ್ ಸಾಮಾನ್ಯವಾಗಿ ಬೇಡ. ಎಂಡೋಸ್ಕೋಪಿಯನ್ನೇ ಮಾಡದೆ ಸ್ಲೀವ್‌ಗೆ ದಿನ ಗೊತ್ತುಮಾಡುವ ಕಡೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಲೇಸು.

ಎರಡನೆಯದು ಸಕ್ಕರೆ ಕಾಯಿಲೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕಾಗಿದೆ, ಯಾಕೆಂದರೆ ಕರ್ನಾಟಕದ ಅನೇಕರಿಗೆ ತೂಕಕ್ಕಿಂತ ದೊಡ್ಡ ಚಿಂತೆ ಇದೇ.

ಬೈಪಾಸ್ ಆದ ಹಲವು ಮಧುಮೇಹಿಗಳ ಸಕ್ಕರೆ ಅಂಶ, ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾದ ವಾಲ್ಟರ್ ಪೋರಿಸ್ 1995ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ವಿಷಯಕ್ಕೆ ಜಗತ್ತಿನ ಗಮನ ಬಂತು. ಊಟ ನೇರವಾಗಿ ಕರುಳಿನ ಕೆಳಭಾಗಕ್ಕೆ ಬೇಗ ತಲುಪಿದಾಗ ಜಿಎಲ್‌ಪಿ-1 ಎಂಬ ಹಾರ್ಮೋನು ಹೆಚ್ಚು ಸ್ರವಿಸಿ ಇನ್ಸುಲಿನ್ ಬಿಡುಗಡೆಗೆ ನೆರವಾಗುತ್ತದೆ. ಈಗ ಹೆಸರುಮಾಡಿರುವ ತೂಕ ಇಳಿಸುವ ಇಂಜೆಕ್ಷನ್‌ಗಳು ಅನುಕರಿಸುವುದೂ ಈ ಹಾರ್ಮೋನನ್ನೇ. 2014ರಲ್ಲಿ ಅಂದಿನ ಕೇಂದ್ರ ಹಣಕಾಸು ಸಚಿವ ಅರುಣ್ ಜೇಟ್ಲಿ ದೀರ್ಘಕಾಲದ ಮಧುಮೇಹದ ಹಿನ್ನೆಲೆಯಲ್ಲಿ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ, ಸಕ್ಕರೆ ಕಾಯಿಲೆಗೂ ಆಪರೇಷನ್ ಉಂಟೇ ಎಂದು ದೇಶದಲ್ಲಿ ಹಲವರು ಮೊದಲ ಬಾರಿಗೆ ಕೇಳಿದರು.

ಉಂಟು. ಆದರೆ ಎಲ್ಲರಿಗೂ ಒಂದೇ ಫಲವಿಲ್ಲ. ನಾರ್ವೆಯಲ್ಲಿ 109 ಮಧುಮೇಹಿಗಳನ್ನು ಒಂದು ವರ್ಷ ಗಮನಿಸಿದ ಅಧ್ಯಯನದಲ್ಲಿ ಬೈಪಾಸ್ ಆದ ಶೇ 74 ಮತ್ತು ಸ್ಲೀವ್ ಆದ ಶೇ 47 ಮಂದಿಯ ಕಾಯಿಲೆ ಶಮನವಾಗಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 150 ಜನರನ್ನು ಐದು ವರ್ಷ ಹಿಂಬಾಲಿಸಿದಾಗ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕಡಿಮೆ ಉಳಿಸಿಕೊಂಡವರು ಬೈಪಾಸ್‌ನಲ್ಲಿ ಶೇ 29, ಸ್ಲೀವ್‌ನಲ್ಲಿ ಶೇ 23, ಬರೀ ಔಷಧಿಯಲ್ಲಿ ಶೇ 5. ಎರಡು ಅಧ್ಯಯನಗಳ ನಡುವೆ ಇಷ್ಟೊಂದು ಅಂತರ ಏಕೆ? ಒಂದು ವರ್ಷದ ಫಲ ಐದು ವರ್ಷ ಹಾಗೇ ಉಳಿಯುವುದಿಲ್ಲ ಎಂಬುದು ಒಂದು ಕಾರಣ. ಕ್ಲೀವ್‌ಲ್ಯಾಂಡಿನ ರೋಗಿಗಳಿಗೆ ಕಾಯಿಲೆ ಬಂದು ಸರಾಸರಿ ಎಂಟು ವರ್ಷ ದಾಟಿತ್ತು ಎಂಬುದು ಇನ್ನೊಂದು. ಇನ್ಸುಲಿನ್ ತಯಾರಿಸುವ ಜೀವಕೋಶಗಳು ದಣಿದು ಹೋದ ಮೇಲೆ ಯಾವ ಶಸ್ತ್ರಚಿಕಿತ್ಸೆಯೂ ಅವನ್ನು ಮತ್ತೆ ಹುಟ್ಟಿಸಲಾರದು.

ಅದೇ ಕ್ಲೀವ್‌ಲ್ಯಾಂಡಿನ ವೈದ್ಯರು 2017ರಲ್ಲಿ ಈ ಆಯ್ಕೆಗೆಂದೇ ಒಂದು ಅಂಕಪಟ್ಟಿ ಸಿದ್ಧಪಡಿಸಿದರು. ಅದು ಕೇಳುವುದು ನಾಲ್ಕು ಸಂಗತಿ: ಕಾಯಿಲೆ ಎಷ್ಟು ವರ್ಷದ್ದು, ಎಷ್ಟು ಬಗೆಯ ಔಷಧಿ, ಇನ್ಸುಲಿನ್ ಇದೆಯೇ, ಎಚ್‌ಬಿಎ1ಸಿ 7ರ ಒಳಗಿದೆಯೇ. ಕಾಯಿಲೆ ಎಳೆಯದಾಗಿದ್ದರೆ ಎರಡೂ ಬಗೆಯಲ್ಲಿ ಒಳ್ಳೆಯ ಫಲ. ಮಧ್ಯಮ ಸ್ಥಿತಿಯಲ್ಲಿ ಬೈಪಾಸ್‌ನ ಕೈ ಮೇಲು. ಯೋಚನೆ ಮಾಡಿ ಆರಿಸಿದ್ದಕ್ಕೆ ಅತಿ ಹೆಚ್ಚು ಪ್ರತಿಫಲ ಸಿಗುವುದು ಇವರಿಗೇ. ಕಾಯಿಲೆ ಬಹಳ ಹಳೆಯದಾಗಿ, ಇನ್ಸುಲಿನ್ ಮೇಲೆ ನಿಂತಿದ್ದರೆ ಎರಡರಲ್ಲೂ ಶಮನದ ಆಸೆ ಕಡಿಮೆ, ಆಗ ಅಪಾಯ ಕಡಿಮೆ ಇರುವ ಸ್ಲೀವ್ ಸಾಕೆನ್ನುತ್ತಾರೆ ಆ ವೈದ್ಯರು. ಹತ್ತು-ಹದಿನೈದು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವರಿಗೆ ‘ಶುಗರ್ ಪೂರ್ತಿ ಹೋಗುತ್ತದೆ’ ಎಂದು ಯಾರಾದರೂ ಭರವಸೆ ಕೊಟ್ಟರೆ ಅದನ್ನು ನಂಬಬಾರದು. ದೇಹದಲ್ಲಿ ಇನ್ನೂ ಎಷ್ಟು ಇನ್ಸುಲಿನ್ ತಯಾರಾಗುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಬಹುದು.

ಇಷ್ಟು ಓದಿದವರಿಗೆ ಬೈಪಾಸೇ ಎಲ್ಲರಿಗೂ ಮೇಲು ಎನ್ನಿಸಬಹುದು. ಹಾಗಲ್ಲ. ದಿನವೂ ನೋವಿನ ಮಾತ್ರೆ ಬೇಕಾಗುವವರ ಪಾಡು ನೋಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳು ಬೈಪಾಸ್‌ನ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ, ಅದು ರಕ್ತ ಸೋರುವವರೆಗೆ, ತೂತು ಬೀಳುವವರೆಗೆ ಹೋಗಬಹುದು. ಸಂಧಿವಾತಕ್ಕೆ ಇವನ್ನು ಬಿಡಲಾಗದವರಿಗೆ ಸ್ಲೀವ್ ಹೆಚ್ಚು ಸುರಕ್ಷಿತ. ಬೀಡಿ, ಸಿಗರೇಟು ಸೇದುವವರಿಗೂ ಹುಣ್ಣಿನ ಇದೇ ಅಪಾಯ. ಯಾವ ಶಸ್ತ್ರಚಿಕಿತ್ಸೆಗೂ ಮುನ್ನ ತಂಬಾಕು ಬಿಡಬೇಕು. ಬೈಪಾಸ್ ಆದ ಮೇಲೆ ಮತ್ತೆ ಹಿಡಿಯಲೇಬಾರದು. ಮದ್ಯವೂ ಹಾಗೆಯೇ. ಬೈಪಾಸ್‌ನ ನಂತರ ಅದು ಬಹಳ ಬೇಗ ರಕ್ತಕ್ಕೆ ಸೇರುವುದರಿಂದ, ಹಿಂದೆ ಮಿತಿಯಲ್ಲಿದ್ದವರೂ ಚಟಕ್ಕೆ ಬೀಳುವ ಸಂಭವ ಹೆಚ್ಚುತ್ತದೆ.

ಔಷಧಿ ಹೀರುವಿಕೆಯೂ ಬದಲಾಗುತ್ತದೆ. ನಿಧಾನವಾಗಿ ಕರಗುವ ಮೆಟ್ಫಾರ್ಮಿನ್‌ನಂಥ ಮಾತ್ರೆ, ಥೈರಾಯ್ಡ್ ಮಾತ್ರೆ, ಅಪಸ್ಮಾರದ ಔಷಧಿ ಇವುಗಳ ಪ್ರಮಾಣವನ್ನು ಬೈಪಾಸ್‌ನ ನಂತರ ಮತ್ತೆ ನೋಡಬೇಕಾಗುತ್ತದೆ. ಅಂಗಾಂಗ ಕಸಿಯ ಔಷಧಿ ತೆಗೆದುಕೊಳ್ಳುವವರು, ಸಣ್ಣ ಕರುಳಿನ ಕ್ರೋನ್ಸ್ ಕಾಯಿಲೆ ಇರುವವರು, ಹಿಂದೆ ಹೊಟ್ಟೆಯ ಹಲವು ಆಪರೇಷನ್ ಆಗಿ ಕರುಳು ಅಂಟಿಕೊಂಡಿರುವವರು ಇಂಥವರಲ್ಲಿ ಕರುಳನ್ನು ಮುಟ್ಟದಿರುವುದೇ ಮೇಲೆಂದು ಸರ್ಜನ್ನರು ಸ್ಲೀವ್ ಕಡೆಗೆ ವಾಲುತ್ತಾರೆ. ಬೈಪಾಸ್ ಆದವರು ಮದುವೆ ಮನೆಯಲ್ಲಿ ಜಾಮೂನು, ಹೋಳಿಗೆ ತಿಂದ ಅರ್ಧ ಗಂಟೆಯೊಳಗೆ ಬೆವರಿ, ಎದೆ ಹೊಡೆದುಕೊಂಡು, ಭೇದಿಗೆ ಓಡುವುದುಂಟು. ಸಕ್ಕರೆ ಒಮ್ಮೆಲೇ ಕರುಳಿಗೆ ಸುರಿದಾಗ ಆಗುವ ಈ ‘ಡಂಪಿಂಗ್’ ಕೆಲವರಿಗೆ ಸಿಹಿಯಿಂದ ದೂರವಿರಲು ನೆರವಾಗುತ್ತದೆ, ಕೆಲವರ ಬದುಕನ್ನೇ ಕಷ್ಟಕ್ಕೆ ತಳ್ಳುತ್ತದೆ.

ಭಾರತದಲ್ಲಿ ಸಾಕಷ್ಟು ಬಳಕೆಯಲ್ಲಿರುವ ಇನ್ನೊಂದು ಬಗೆ ‘ಮಿನಿ ಬೈಪಾಸ್’. ಅಮೆರಿಕದ ರಾಬರ್ಟ್ ರಟ್ಲೆಡ್ಜ್ 1997ರಲ್ಲಿ ಆರಂಭಿಸಿದ ಇದರಲ್ಲಿ ಎರಡರ ಬದಲು ಒಂದೇ ಜೋಡಣೆ. ಹಾಗಾಗಿ ಸಮಯ ಕಡಿಮೆ, ತೂಕ ಇಳಿಕೆ ಚೆನ್ನಾಗಿದೆ. ‘ಮಿನಿ’ ಎಂಬ ಹೆಸರು ಕೇಳಿ ಇದನ್ನು ಸಣ್ಣದೆಂದುಕೊಳ್ಳಬಾರದು. ಸಾಮಾನ್ಯ ಬೈಪಾಸ್‌ಗಿಂತ ಹೆಚ್ಚು ಉದ್ದದ ಕರುಳನ್ನು ಇದು ಊಟದ ದಾರಿಯಿಂದ ಬದಿಗಿಡಬಹುದು. ಫ್ರಾನ್ಸಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ‘ಯೊಮೇಗಾ’ ಅಧ್ಯಯನದಲ್ಲಿ 200 ಸೆಂ.ಮೀ. ಕರುಳನ್ನು ಬದಿಗಿಡಲಾಗಿತ್ತು. ಎರಡು ವರ್ಷದ ಹೊತ್ತಿಗೆ ತೂಕ ಇಳಿಕೆಯಲ್ಲಿ ಅದು ಸಾಮಾನ್ಯ ಬೈಪಾಸ್‌ಗೆ ಕಡಿಮೆಯಿರಲಿಲ್ಲ, ಆದರೆ ಭೇದಿ ಮತ್ತು ಪೋಷಕಾಂಶ ಕೊರತೆಯ ಗಂಭೀರ ತೊಂದರೆಗಳು ಹೆಚ್ಚಿದ್ದವು. ಪಿತ್ತರಸ ಜಠರದ ಚೀಲಕ್ಕೆ ಹಿಂದೆ ಹರಿಯುವ ಸಾಧ್ಯತೆಯೂ ಇದರಲ್ಲಿದೆ. ಇದಕ್ಕೂ ಮುಂದಿನ ಹೆಜ್ಜೆ, ಸ್ಲೀವ್‌ನೊಂದಿಗೆ ಕರುಳನ್ನೂ ಬಹಳಷ್ಟು ಬದಿಗಿಡುವ ಡ್ಯುಯೋಡಿನಲ್ ಸ್ವಿಚ್ ಮತ್ತು ಸಾಡಿ. ತೂಕ ಇಳಿಸುವುದರಲ್ಲೂ ಮಧುಮೇಹ ತಗ್ಗಿಸುವುದರಲ್ಲೂ ಎಲ್ಲಕ್ಕಿಂತ ಪ್ರಬಲ. ಪ್ರೋಟೀನ್ ಮತ್ತು ಎ, ಡಿ, ಇ, ಕೆ ಜೀವಸತ್ವಗಳ ಕೊರತೆಯಲ್ಲೂ ಮುಂದು.

ಕೊರತೆಯ ಈ ಮಾತು ನೇರವಾಗಿ ನಮ್ಮ ತಟ್ಟೆಗೆ ಸಂಬಂಧಿಸಿದ್ದು. ಶಸ್ತ್ರಚಿಕಿತ್ಸೆಯ ನಂತರ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಹೊಟ್ಟೆ ಹಿಡಿಯುವುದು ಮಾತ್ರ ಕೆಲವೇ ತುತ್ತು. ಅನ್ನ-ಸಾರು, ಮುದ್ದೆ-ಸೊಪ್ಪಿನ ಸಾರು, ಉಪ್ಪಿಟ್ಟು ಇವುಗಳ ನಡುವೆ ಆ ಪ್ರಮಾಣ ಕೂಡಿಸುವುದು ಸುಲಭವಲ್ಲ. ತುತ್ತಿನ ಕ್ರಮವನ್ನೇ ಬದಲಿಸಬೇಕು: ಮೊದಲು ಮೊಟ್ಟೆ, ಮೀನು, ಪನೀರ್, ಗಟ್ಟಿ ಮೊಸರು, ಮೊಳಕೆ ಹೆಸರುಕಾಳು, ಹುರುಳಿ; ಜಾಗ ಉಳಿದರೆ ಅನ್ನ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳಿಗೆ ಪ್ರೋಟೀನ್ ಪುಡಿ ಹೆಚ್ಚುಕಡಿಮೆ ಅನಿವಾರ್ಯ. ಇಂಥವರು ಮಿನಿ ಬೈಪಾಸ್ ಅಥವಾ ಸಾಡಿ ಆರಿಸುವ ಮುನ್ನ ಡಯಟೀಶಿಯನ್ ಜೊತೆ ಕೂತು ಒಂದು ವಾರದ ಊಟವನ್ನು ಬರೆದು ಲೆಕ್ಕ ಹಾಕಬೇಕು. ಕಾಗದದ ಮೇಲೆ 60 ಗ್ರಾಂ ಕೂಡದಿದ್ದರೆ ಹೊಟ್ಟೆಯಲ್ಲೂ ಕೂಡುವುದಿಲ್ಲ. ಸಸ್ಯಾಹಾರಿಗಳಲ್ಲಿ ಬಿ12, ಹೆಂಗಸರಲ್ಲಿ ಕಬ್ಬಿಣದ ಅಂಶ ಮೊದಲೇ ಕಡಿಮೆ ಇರುವುದು ನಮ್ಮಲ್ಲಿ ಸಾಮಾನ್ಯ. ಶಸ್ತ್ರಚಿಕಿತ್ಸೆಗೆ ಮುನ್ನವೇ ಅದನ್ನು ಸರಿಪಡಿಸಬೇಕು.

ವಿಟಮಿನ್ ಮಾತ್ರೆ ಯಾವ ಬಗೆಯಲ್ಲೂ ತಪ್ಪದು, ಅದೂ ಜೀವನಪೂರ್ತಿ. ಬಿ12, ಕಬ್ಬಿಣ, ಡಿ ಜೀವಸತ್ವ, ಕ್ಯಾಲ್ಸಿಯಂ ಇವು ಮುಖ್ಯ. ಬೈಪಾಸ್ ಆದವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ರೂಪದಲ್ಲಿರುವುದು ಒಳ್ಳೆಯದು, ಏಕೆಂದರೆ ಅದನ್ನು ಹೀರಿಕೊಳ್ಳಲು ಆಮ್ಲ ಬೇಕಿಲ್ಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯ ಜೊತೆ ಕಾಫಿ, ಟೀ ಬೇಡ. ಶಸ್ತ್ರಚಿಕಿತ್ಸೆಯಾದ ಯಾರಿಗೇ ಆಗಲಿ ಎರಡು-ಮೂರು ದಿನ ಬಿಡದೆ ವಾಂತಿಯಾದರೆ ಬಿ1 ಕೊರತೆಯಿಂದ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಊರಿನ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಬಿ1 ಕೊಡಿ ಎಂದು ಮನೆಯವರು ಹೇಳಬೇಕು. ಈ ಒಂದು ಮಾತನ್ನು ಮನೆಯ ಎಲ್ಲರಿಗೂ ಕಲಿಸಿಟ್ಟರೂ ಹೆಚ್ಚಲ್ಲ.

ಮಕ್ಕಳಾಗಬೇಕೆಂದಿರುವ ಮಹಿಳೆಯರು ಇನ್ನಷ್ಟು ಯೋಚಿಸಬೇಕು. ತೂಕ ಇಳಿದಂತೆ, ವಿಶೇಷವಾಗಿ ಪಿಸಿಒಡಿ ಇದ್ದವರಲ್ಲಿ, ಗರ್ಭಧಾರಣೆ ಸುಲಭವಾಗುತ್ತದೆ. ಆದರೆ ಮೊದಲ 12ರಿಂದ 18 ತಿಂಗಳು ಅದನ್ನು ಮುಂದೂಡಬೇಕು. ಬೈಪಾಸ್ ಆದವರು ಬಾಯಿಂದ ತೆಗೆದುಕೊಳ್ಳುವ ಗರ್ಭನಿರೋಧಕ ಮಾತ್ರೆಯನ್ನಷ್ಟೇ ನೆಚ್ಚಬಾರದು. ಮುಂದೆ ಗರ್ಭಿಣಿಯಾದಾಗ ಎಲ್ಲರಿಗೂ ಮಾಡುವ ಗ್ಲೂಕೋಸ್ ನೀರು ಕುಡಿಸುವ ಪರೀಕ್ಷೆ ಬೈಪಾಸ್ ಆದವರಲ್ಲಿ ಡಂಪಿಂಗ್ ತರಬಹುದು, ಆದ್ದರಿಂದ ಪ್ರಸೂತಿ ವೈದ್ಯರಿಗೆ ಮೊದಲ ಭೇಟಿಯಲ್ಲೇ ಹೇಳಬೇಕು.

ಉಳಿದ ದಾರಿಗಳ ಪೈಕಿ, ಜಠರಕ್ಕೆ ಪಟ್ಟಿ ಬಿಗಿಯುವ ಬ್ಯಾಂಡ್‌ನ ಕಾಲ ಮುಗಿದಿದೆ ಎನ್ನಬಹುದು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಭಾರೀ ಜನಪ್ರಿಯವಾಗಿದ್ದ ಅದು, ಜಾರುವುದು, ಜಠರದ ಗೋಡೆ ಕೊರೆಯುವುದು, ತೂಕ ಮರಳುವುದು ಇವುಗಳಿಂದಾಗಿ ಮೂಲೆಗೆ ಸರಿಯಿತು. ಹಾಕಿಸಿಕೊಂಡ ಬಹಳಷ್ಟು ಜನ ತೆಗೆಸಿಕೊಂಡರು. ಜಠರದೊಳಗೆ ಆರು ತಿಂಗಳು ಇಡುವ ಬಲೂನು ತಾತ್ಕಾಲಿಕ; ತೆಗೆದ ಮೇಲೆ ತೂಕ ಮರಳುವುದು ಸಾಮಾನ್ಯ. ಬಾಯಿಂದ ಎಂಡೋಸ್ಕೋಪ್ ಇಳಿಸಿ ಜಠರವನ್ನು ಒಳಗಿನಿಂದಲೇ ಹೊಲಿಯುವ ವಿಧಾನದಲ್ಲಿ, 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ವರ್ಷಕ್ಕೆ ಒಟ್ಟು ತೂಕದ ಶೇ 13.6 ಇಳಿಯಿತು. ಬಿಎಂಐ 30ರ ಆಸುಪಾಸಿನವರಿಗೆ ಇದು ಯೋಚಿಸಬಹುದಾದ ದಾರಿ. ಇಂಜೆಕ್ಷನ್‌ಗಳಲ್ಲಿ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಭಾರತಕ್ಕೆ ಬಂದವು. ಪ್ರಯೋಗಗಳಲ್ಲಿ ವೆಗೋವಿಯಿಂದ ಒಟ್ಟು ತೂಕದ ಸುಮಾರು ಶೇ 15, ಮೌಂಜಾರೊದ ಗರಿಷ್ಠ ಪ್ರಮಾಣದಲ್ಲಿ ಸುಮಾರು ಶೇ 21 ಇಳಿದಿದೆ. ವೆಗೋವಿ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದು ವರ್ಷದೊಳಗೆ ಮರಳಿತು. ಬಿಎಂಐ ಗೆರೆಯ ಆಚೀಚೆ ಇರುವವರು ಶಸ್ತ್ರಚಿಕಿತ್ಸೆಗೆ ಮುನ್ನ ಈ ದಾರಿಯನ್ನೂ ವೈದ್ಯರೊಂದಿಗೆ ಚರ್ಚಿಸುವುದು ನ್ಯಾಯ.

ತೂಕ ವಿಪರೀತವಿದ್ದಾಗ ಆಯ್ಕೆಯ ಲೆಕ್ಕವೇ ಬೇರೆ. ಸುಮಾರು 500 ಕೆ.ಜಿ. ತೂಗುತ್ತಿದ್ದ ಈಜಿಪ್ಟಿನ ಮಹಿಳೆಯೊಬ್ಬರನ್ನು 2017ರಲ್ಲಿ ಮುಂಬೈಗೆ ವಿಮಾನದಲ್ಲಿ ಕರೆತಂದಾಗ ವೈದ್ಯರು ಮೊದಲು ಪಥ್ಯದಿಂದ ತೂಕ ಇಳಿಸಿ, ಆಮೇಲೆ ಮಾರ್ಚ್‌ನಲ್ಲಿ ಮಾಡಿದ್ದು ಸ್ಲೀವ್. ಅಂಥ ದೇಹಸ್ಥಿತಿಯಲ್ಲಿ ಅರಿವಳಿಕೆಯ ಹೊತ್ತು ಆದಷ್ಟೂ ಕಡಿಮೆಯಿರಬೇಕು, ಮುಂದಿನ ಹಂತವನ್ನು ಆಮೇಲೆ ನೋಡಬೇಕು. ತೂಕ ಬಹಳಷ್ಟು ಇಳಿದರೂ ಆಕೆ ಅದೇ ಸೆಪ್ಟೆಂಬರ್‌ನಲ್ಲಿ ಅಬುಧಾಬಿಯಲ್ಲಿ ಹೃದಯ ಮತ್ತು ಮೂತ್ರಪಿಂಡದ ತೊಂದರೆಯಿಂದ ತೀರಿಕೊಂಡರು. ಬೊಜ್ಜು ದಶಕಗಟ್ಟಲೆ ಹಾಳುಗೆಡವಿದ ಅಂಗಗಳನ್ನು ಶಸ್ತ್ರಚಿಕಿತ್ಸೆ ಒಂದೇ ಉಳಿಸಲಾರದು. ಬಿಎಂಐ 50 ದಾಟುವವರೆಗೆ ಕಾಯದಿರುವುದು ಈ ಕಾರಣಕ್ಕೇ ಮುಖ್ಯ.

ಆಸ್ಪತ್ರೆ ಆರಿಸುವಾಗ ಸರ್ಜನ್ ಸ್ಲೀವ್ ಒಂದನ್ನೇ ಮಾಡುತ್ತಾರೋ, ಎಲ್ಲ ಬಗೆಗಳನ್ನೂ ಮಾಡುತ್ತಾರೋ ಕೇಳಿ. ಒಂದೇ ಬಗೆ ಬಲ್ಲವರಿಂದ ಬರುವ ಸಲಹೆಯೂ ಒಂದೇ ಆಗಿರುತ್ತದೆ. ವರ್ಷಕ್ಕೆ ಎಷ್ಟು ಮಾಡುತ್ತಾರೆ, ಐಸಿಯು ಮತ್ತು ರಾತ್ರಿಪಾಳಿಯ ಅರಿವಳಿಕೆ ತಜ್ಞರು ಅದೇ ಕಟ್ಟಡದಲ್ಲಿದ್ದಾರೆಯೇ, ಡಯಟೀಶಿಯನ್ ಮತ್ತು ಮನೋವೈದ್ಯರು ತಂಡದಲ್ಲಿದ್ದಾರೆಯೇ ಎಂದು ವಿಚಾರಿಸಿ. ಬಿಲ್ಲಿನಲ್ಲಿ ದೊಡ್ಡ ಮೊತ್ತ ಸ್ಟೇಪ್ಲರ್ ಮತ್ತು ಅದರ ಕಾರ್ಟ್ರಿಜ್‌ಗಳದು. ಪ್ಯಾಕೇಜಿನಲ್ಲಿ ಅದು ಸೇರಿದೆಯೇ, ಹೆಚ್ಚು ಬೇಕಾದರೆ ಯಾರು ತೆರಬೇಕು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಬೀದರ್, ರಾಯಚೂರು, ಕಾರವಾರದಂಥ ಊರುಗಳಿಂದ ಬೆಂಗಳೂರಿಗೋ ಹೈದರಾಬಾದಿಗೋ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೋಗುವವರಿಗೆ ಇನ್ನೊಂದು ಮಾತು. ಬೈಪಾಸ್ ಆದ ವರ್ಷಗಳ ನಂತರವೂ ಕರುಳು ಒಳಗೇ ಸಿಕ್ಕಿಕೊಂಡು ಹಠಾತ್ತಾಗಿ ಹೊಟ್ಟೆನೋವು ಬರಬಹುದು. ಅದು ಗ್ಯಾಸ್ ಎಂದು ಕಾಯುವ ನೋವಲ್ಲ, ಕೂಡಲೇ ಸಿಟಿ ಸ್ಕ್ಯಾನ್ ಮತ್ತು ಸರ್ಜನ್ ಬೇಕಾಗುವ ನೋವು. ಮನೆಗೆ ಹೊರಡುವಾಗ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ‘ಬೇರಿಯಾಟ್ರಿಕ್ ಸರ್ಜರಿ ಮಾಡಲಾಗಿದೆ’ ಎಂದಷ್ಟೇ ಇದ್ದರೆ ಊರಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಯಾವ ಬಗೆ, ಚೀಲದ ಗಾತ್ರವೆಷ್ಟು, ಎಷ್ಟು ಸೆಂ.ಮೀ. ಕರುಳನ್ನು ಬದಿಗಿಡಲಾಗಿದೆ, ಕರುಳಿನ ಮಡಿಕೆಗಳ ನಡುವಿನ ಕಂಡಿಗಳನ್ನು ಹೊಲಿದು ಮುಚ್ಚಲಾಗಿದೆಯೇ ಎಂಬುದನ್ನೆಲ್ಲ ಬರೆದಿರುವ ಆಪರೇಷನ್ ನೋಟ್‌ನ ಪ್ರತಿಯನ್ನು ಕೇಳಿ ಪಡೆಯಿರಿ. ಅದರ ಫೋಟೊ ತೆಗೆದು ರೋಗಿಯ ಮೊಬೈಲಿನಲ್ಲಿ, ಮನೆಯ ಇನ್ನಿಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ.